ಊರಿಗೆ ಕಣ್ಣು ಬೇನೆ ಬಂದಾಗ: ಮನೆ, ಶಾಲೆ, ಹಾಸ್ಟೆಲಿನಲ್ಲಿ ತಡೆಯುವುದು ಹೇಗೆ?

ಮಳೆಗಾಲ ಹಿಡಿದು ಒಂದೆರಡು ತಿಂಗಳಾಗುವ ಹೊತ್ತಿಗೆ ನಮ್ಮ ಊರುಗಳಲ್ಲಿ ಕೆಂಪು ಕಣ್ಣುಗಳು ಕಾಣಿಸಿಕೊಳ್ಳುತ್ತವೆ. ಮೊದಲು ಶಾಲೆಯ ಒಂದು ಮಗು, ಆಮೇಲೆ ಅದರ ತಾಯಿ, ಆಮೇಲೆ ಪಕ್ಕದ ಮನೆ. ಎರಡು ವಾರದಲ್ಲಿ ಇಡೀ ಬೀದಿ ಕಪ್ಪು ಕನ್ನಡಕ ಹಾಕಿಕೊಂಡಿರುತ್ತದೆ. 2023ರ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದೊಳಗೆ ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಈ ಬೇನೆ ಬಂದದ್ದು ಲೆಕ್ಕಕ್ಕೆ ಸಿಕ್ಕಿತು. ಬೀದರ್ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇತ್ತು. ಹಾವೇರಿ, ರಾಯಚೂರಿನಲ್ಲೂ ಸಾವಿರಾರು ಜನ ನರಳಿದರು. ಮೆಡಿಕಲ್ ಶಾಪ್‌ನಿಂದ ಡ್ರಾಪ್ಸ್ ತಂದು ಮನೆಯಲ್ಲೇ ಕೂತವರು ಈ ಲೆಕ್ಕದಲ್ಲಿ ಬರುವುದಿಲ್ಲ.

ಮದ್ರಾಸ್ ಐ, ಕಣ್ಣು ಬೇನೆ, 'ಕಣ್ಣು ಬಂದಿದೆ' ಹೀಗೆ ಏನೇ ಕರೆಯಿರಿ, ಬಹುಪಾಲು ಸಲ ಇದರ ಹಿಂದೆ ಇರುವುದು ವೈರಸ್. ಅದನ್ನು ಕೊಲ್ಲುವ ಡ್ರಾಪ್ಸ್ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ. ನಮ್ಮ ಕೈಯಲ್ಲಿರುವುದು ಅದು ಇನ್ನೊಬ್ಬರಿಗೆ ದಾಟದಂತೆ ನೋಡಿಕೊಳ್ಳುವುದು. ಮನೆಯಲ್ಲಿ ಒಬ್ಬರಿಗೆ ಬಂದದ್ದು ಐವರಿಗೆ ಹಬ್ಬುತ್ತದೋ ಇಲ್ಲವೋ ಎಂಬುದು ಮೊದಲ ಎರಡು ದಿನ ಕೈ ಮತ್ತು ಟವೆಲ್ ವಿಷಯದಲ್ಲಿ ನಾವು ಏನು ಮಾಡುತ್ತೇವೆ ಎನ್ನುವುದರ ಮೇಲೆ ನಿಂತಿದೆ.

ಮೊದಲು ಇದು ಅದೇನಾ ಎಂದು ನೋಡಿ

ವೈರಸ್‌ನಿಂದ ಬಂದ ಕಣ್ಣು ಬೇನೆ ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಇನ್ನೊಂದು ಕಣ್ಣಿಗೂ ಬರುತ್ತದೆ. ಬಿಳಿಭಾಗ ಕೆಂಪಾಗಿ ರೆಪ್ಪೆ ಊದಿಕೊಳ್ಳುತ್ತದೆ. ನೀರು ಸುರಿಯುತ್ತಲೇ ಇರುತ್ತದೆ, ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಚುಚ್ಚುತ್ತದೆ. ಬೆಳಗ್ಗೆ ಎದ್ದಾಗ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರಬಹುದು. ಕೆಲವರಿಗೆ ಜೊತೆಗೆ ಗಂಟಲು ನೋವು, ಸಣ್ಣ ಜ್ವರ ಇರುತ್ತದೆ. ಕಿವಿಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಸಣ್ಣ ಗಂಟು ಸಿಕ್ಕರೆ ವೈರಸ್ ಸೋಂಕು ಇರುವ ಸಾಧ್ಯತೆ ಇನ್ನೂ ಹೆಚ್ಚು.

ದಿನವಿಡೀ ದಪ್ಪನೆಯ ಹಳದಿ ಅಥವಾ ಹಸಿರು ಕೀವು ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಎರಡೂ ಕಣ್ಣು ಒಟ್ಟಿಗೆ ಕೆಂಪಾಗಿ, ಬರೀ ತುರಿಕೆಯೇ ಮುಖ್ಯ ತೊಂದರೆಯಾದರೆ ಅಲರ್ಜಿ ಇರಬಹುದು. ಅಲರ್ಜಿ ಇನ್ನೊಬ್ಬರಿಗೆ ಅಂಟುವುದಿಲ್ಲ.

ಊರಲ್ಲಿ ಬೇನೆ ಹಬ್ಬಿರುವಾಗ ಒಂದು ದೊಡ್ಡ ಅಪಾಯ ಇದೆ. ಆಗ ಯಾರ ಕಣ್ಣು ಕೆಂಪಾದರೂ 'ಮದ್ರಾಸ್ ಐ, ತಾನೇ ಹೋಗುತ್ತೆ ಬಿಡು' ಎಂದು ಎಲ್ಲರೂ ಹೇಳುತ್ತಾರೆ. ಆ ಮಾತಿಗೆ ಕಿವಿಗೊಟ್ಟು ದೃಷ್ಟಿ ಕಳೆದುಕೊಳ್ಳುವುದು ಬೇಡ. ಗದ್ದೆ ಕೆಲಸದಲ್ಲಿ ಭತ್ತದ ಹೊಟ್ಟೋ, ಜೋಳದ ಗರಿಯೋ, ಕಬ್ಬಿನ ಸೋಗೆಯೋ ಕಣ್ಣಿಗೆ ತಗುಲಿ ಆಮೇಲೆ ಕೆಂಪಾಗಿದ್ದರೆ ಅದು ಕಪ್ಪು ಗುಡ್ಡೆಯ ಮೇಲಿನ ಹುಣ್ಣಾಗಿರಬಹುದು. ವಯಸ್ಸಾದವರಿಗೆ ಕಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಎರಡರಲ್ಲೂ ಒಂದು ದಿನ ತಡ ಮಾಡಿದರೂ ನಷ್ಟ.

ಹಾಗಾಗಿ ಇವುಗಳಲ್ಲಿ ಒಂದಿದ್ದರೂ ಅವತ್ತೇ ಕಣ್ಣಿನ ಡಾಕ್ಟರ ಬಳಿ ಹೋಗಿ: ಜೋರಾದ ನೋವು, ಗೀಜು ಒರೆಸಿದ ಮೇಲೂ ಮಂಜು ಮಂಜಾದ ನೋಟ, ಬೆಳಕು ನೋಡಲಾಗದ ಸ್ಥಿತಿ, ಗುಡ್ಡೆಯ ಮೇಲೆ ಬಿಳಿ ಚುಕ್ಕೆ, ರೆಪ್ಪೆಯ ಸುತ್ತ ನೀರುಗುಳ್ಳೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರು ಕೂಡ ಕಾಯಬಾರದು. ಹುಟ್ಟಿ ಒಂದು ತಿಂಗಳೂ ಆಗದ ಮಗುವಿನ ಕಣ್ಣಲ್ಲಿ ಕೀವು ಕಂಡರೆ ಅದು ತುರ್ತು. ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದು ಹೇಗೆ ದಾಟುತ್ತದೆ

ಕೆಂಪು ಕಣ್ಣನ್ನು ನೋಡಿದರೆ ಬೇನೆ ಬರುವುದಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡರೆ ಬೇರೆಯವರಿಗೆ ಹರಡುವುದು ನಿಲ್ಲುವುದೂ ಇಲ್ಲ. ಬೆಳಕು ಚುಚ್ಚುವುದು ಕಡಿಮೆಯಾಗುತ್ತದೆ, ಕೈ ಪದೇ ಪದೇ ಕಣ್ಣಿಗೆ ಹೋಗುವುದಕ್ಕೆ ಸ್ವಲ್ಪ ಅಡ್ಡಿಯಾಗುತ್ತದೆ. ಕನ್ನಡಕದಿಂದ ಇಷ್ಟೇ ಉಪಯೋಗ.

ವೈರಸ್ ಇರುವುದು ಕಣ್ಣೀರು ಮತ್ತು ಗೀಜಿನಲ್ಲಿ. ಬೇನೆ ಬಂದವರು ಕಣ್ಣು ಉಜ್ಜುತ್ತಾರೆ, ಅದೇ ಕೈಯಲ್ಲಿ ಚಿಲಕ, ನಲ್ಲಿ, ಟಿವಿ ರಿಮೋಟು, ಮೊಬೈಲು ಮುಟ್ಟುತ್ತಾರೆ. ಇನ್ನೊಬ್ಬರು ಅದನ್ನು ಮುಟ್ಟಿ ತಮ್ಮ ಕಣ್ಣು ಉಜ್ಜಿಕೊಳ್ಳುತ್ತಾರೆ. ನಾವು ನಮಗೆ ಗೊತ್ತೇ ಇಲ್ಲದೆ ದಿನಕ್ಕೆ ಎಷ್ಟೋ ಸಲ ಮುಖ ಮುಟ್ಟಿಕೊಳ್ಳುತ್ತೇವೆ, ಅಲ್ವಾ?

ಇಂಥ ಬೇನೆ ತರುವ ವೈರಸ್‌ಗಳಲ್ಲಿ ಎರಡು ಗುಂಪುಗಳು ಮುಖ್ಯ. ಒಂದು ಅಡೆನೊವೈರಸ್. ಇದು ತಗುಲಿದ ಮೇಲೆ ಕಣ್ಣು ಕೆಂಪಾಗಲು ಐದರಿಂದ ಹನ್ನೆರಡು ದಿನ ಹಿಡಿಯಬಹುದು. ಒಣಗಿದ ಪ್ಲಾಸ್ಟಿಕ್, ಲೋಹದ ಮೇಲೂ ವಾರಗಟ್ಟಲೆ ಬದುಕುತ್ತದೆ. ಇನ್ನೊಂದು ಎಂಟೆರೊವೈರಸ್ ಗುಂಪು. ಇದರದ್ದು ಬೇರೆಯದೇ ವೇಗ. ತಗುಲಿದ ಒಂದೆರಡು ದಿನದಲ್ಲೇ ಕಣ್ಣು ಊದಿ, ಬಿಳಿಭಾಗದಲ್ಲಿ ರಕ್ತ ಹೆಪ್ಪುಗಟ್ಟಿದಂತೆ ಕಾಣುತ್ತದೆ. ನೋಡಲು ಭಯವಾದರೂ ಹೆಚ್ಚಿನವರಿಗೆ ಒಂದು ವಾರದಲ್ಲಿ ಇಳಿಯುತ್ತದೆ. 1969ರಲ್ಲಿ ಘಾನಾ ದೇಶದಲ್ಲಿ ಈ ರೀತಿಯ ಬೇನೆ ಮೊದಲ ಬಾರಿಗೆ ದೊಡ್ಡದಾಗಿ ಕಾಣಿಸಿತು. ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷ ಅದು, ಅಲ್ಲಿನ ಜನ ಇದಕ್ಕೆ ಅಪೊಲೊ ಬೇನೆ ಎಂದೇ ಹೆಸರಿಟ್ಟರು. ಎರಡು ವರ್ಷದಲ್ಲಿ ಅದು ಭಾರತಕ್ಕೂ ಬಂತು. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಕಲ್ಕತ್ತಾ ಕಡೆ ಎಲ್ಲರ ಬಾಯಲ್ಲೂ ಇದು 'ಜಾಯ್ ಬಾಂಗ್ಲಾ' ಆಗಿತ್ತು. ಗಂಟೆಗಳ ಲೆಕ್ಕದಲ್ಲಿ ಹಬ್ಬುವ ಬೇನೆ ಇದು. ಆದ್ದರಿಂದ 'ನಾಳೆಯಿಂದ ಟವೆಲ್ ಬೇರೆ ಮಾಡೋಣ' ಎಂದರೆ ಆಗಲೇ ತಡವಾಗಿರುತ್ತದೆ.

ಮೊದಲ ದಿನ ಮನೆಯಲ್ಲಿ

ಕಣ್ಣು ಕೆಂಪಾದ ತಕ್ಷಣ ಆ ವ್ಯಕ್ತಿಗೆ ಒಂದು ಟವೆಲ್, ಒಂದು ದಿಂಬು, ಒಂದು ಸೋಪು, ಒಂದು ಬಕೆಟ್ ಮತ್ತು ಮಗ್ ಬೇರೆ ಮಾಡಿ. ಟವೆಲ್ಲನ್ನು ಉಳಿದವರ ಟವೆಲ್ ಪಕ್ಕ ಅದೇ ಹಗ್ಗದ ಮೇಲೆ ಹರವಬೇಡಿ. ದಿಂಬಿನ ಕವರ್ ದಿನಾ ಬದಲಿಸಿ. ಮನೆ ಚಿಕ್ಕದು, ಬೇರೆ ಕೋಣೆ ಇಲ್ಲ ಎಂದರೆ ಚಿಂತೆ ಬೇಡ. ಈ ಬೇನೆಗೆ ಕೋಣೆಗಿಂತ ಬಟ್ಟೆ ಬೇರೆ ಇರುವುದು ಮುಖ್ಯ. ಪಕ್ಕದಲ್ಲಿ ಚಾಪೆ ಹಾಸಿ ಮಲಗಬಹುದು, ಒಂದೇ ದಿಂಬಿಗೆ ತಲೆ ಇಡಬಾರದು.

ತಾಯಂದಿರಲ್ಲಿ ಒಂದು ಮಾತು. ಮಗುವಿನ ಕಣ್ಣಲ್ಲಿ ನೀರು ಬಂದರೆ ಕೈ ತಾನಾಗೇ ಸೆರಗಿಗೆ ಹೋಗುತ್ತದೆ. ಅದೇ ಸೆರಗಿನಲ್ಲಿ ಇನ್ನೊಂದು ಮಗುವಿನ ಮೂಗು, ಆಮೇಲೆ ತಮ್ಮ ಬೆವರು. ಒಂದೇ ಮನೆಯ ಎಲ್ಲರಿಗೂ ಬೇನೆ ಬರಲು ಇಷ್ಟು ಸಾಕು. ಈ ಒಂದು ವಾರ ಸೆರಗು, ವೇಲ್, ಅಂಗಿಯ ತೋಳು ಯಾವುದನ್ನೂ ಕಣ್ಣೊರೆಸಲು ಬಳಸಬೇಡಿ. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ಕುದಿಸಿ, ಒಣಗಿಸಿ, ಸಣ್ಣ ತುಂಡು ಮಾಡಿಟ್ಟುಕೊಳ್ಳಿ. ಒಂದು ಸಲ ಒರೆಸಿದ ತುಂಡು ನೇರ ಕಸದ ಕವರಿಗೆ. ಹಾಗೆಯೇ ಕಾಡಿಗೆ ಡಬ್ಬಿ. ಮನೆಯಲ್ಲಿ ಒಂದೇ ಡಬ್ಬಿಯಿಂದ ಅಕ್ಕ, ತಂಗಿ, ಪಾಪು ಎಲ್ಲರಿಗೂ ಹಚ್ಚುವ ಅಭ್ಯಾಸ ಇದ್ದರೆ ಆ ಡಬ್ಬಿಯನ್ನು ಎಸೆದುಬಿಡಿ.

ಕೈ ತೊಳೆಯಲು ಸೋಪು ಮತ್ತು ಹರಿಯುವ ನೀರೇ ಒಳ್ಳೆಯದು. ಕೋವಿಡ್ ಕಾಲದಲ್ಲಿ ಅಭ್ಯಾಸವಾದ ಸ್ಯಾನಿಟೈಸರ್ ಮೇಲೆ ಇಲ್ಲಿ ಪೂರ್ತಿ ನಂಬಿಕೆ ಇಡಬೇಡಿ. ಕೊರೊನಾ ವೈರಸ್‌ಗೆ ಸುತ್ತ ಕೊಬ್ಬಿನ ಹೊದಿಕೆ ಇತ್ತು. ಆಲ್ಕೋಹಾಲು ಅದನ್ನು ಸುಲಭವಾಗಿ ಕರಗಿಸುತ್ತಿತ್ತು. ಈ ವೈರಸ್‌ಗಳಿಗೆ ಆ ಹೊದಿಕೆಯೇ ಇಲ್ಲ, ಅಷ್ಟು ಬೇಗ ಸಾಯುವುದಿಲ್ಲ. ಸೋಪು ಹಾಕಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದರೆ ಅವು ಕೈಯಿಂದ ಜಾರಿ ಹೋಗುತ್ತವೆ. ನೀರಿಗೆ ತತ್ವಾರ ಇರುವ ಕಡೆ ಮುಚ್ಚಿದ ಕ್ಯಾನಿಗೆ ನಲ್ಲಿ ಹಾಕಿ ಕೈ ತೊಳೆಯಲು ಇಡಿ. ಒಂದೇ ಬೋಗುಣಿ ನೀರಲ್ಲಿ ಎಲ್ಲರೂ ಕೈ ಅದ್ದುವುದು ಬೇಡ.

ಕಣ್ಣು ಶುಚಿ ಮಾಡುವುದು

ನೀರನ್ನು ಕುದಿಸಿ ಆರಿಸಿ. ಕೈ ತೊಳೆದುಕೊಂಡು ಹತ್ತಿಯ ತುಂಡನ್ನು ಆ ನೀರಿನಲ್ಲಿ ಅದ್ದಿ ಹಿಂಡಿ. ಕಣ್ಣು ಮುಚ್ಚಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದು ಸಲ ಒರೆಸಿ ಎಸೆಯಿರಿ. ಮತ್ತೆ ಬೇಕಾದರೆ ಹೊಸ ತುಂಡು. ಇನ್ನೊಂದು ಕಣ್ಣಿಗೂ ಹೊಸ ತುಂಡೇ. ಅಂಟಿದ ರೆಪ್ಪೆಯನ್ನು ಎಳೆಯಬೇಡಿ, ಒದ್ದೆ ಹತ್ತಿಯನ್ನು ಒಂದೆರಡು ನಿಮಿಷ ಮೇಲಿಟ್ಟರೆ ತಾನೇ ಬಿಡುತ್ತದೆ. ಮುಗಿದ ಮೇಲೆ ಮತ್ತೆ ಕೈ ತೊಳೆಯಿರಿ. ಒರೆಸಿದವರಿಗೆ ಬೇನೆ ಅಂಟುವುದು ಇಲ್ಲಿಯೇ.

ಉರಿ, ಊತಕ್ಕೆ ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟರೆ ಹಾಯೆನಿಸುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು.

ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ನಿಂಬೆರಸ, ನಂದಿಬಟ್ಟಲು ಹೂವಿನ ರಸ, ರೋಸ್ ವಾಟರ್. ಪ್ರೀತಿಯಿಂದಲೇ ಹಿರಿಯರು ಇವನ್ನು ಹೇಳುತ್ತಾರೆ, ಅವರಿಗೆ ಎದುರಾಡಲು ಮನಸ್ಸು ಬರುವುದಿಲ್ಲ. ಆದರೂ ದಯವಿಟ್ಟು ಹಾಕಬೇಡಿ. ಬೇನೆ ಬಂದ ಕಣ್ಣಿನ ಮೇಲ್ಪದರ ಮೊದಲೇ ನವೆದಿರುತ್ತದೆ, ಶುಚಿಯಿಲ್ಲದ ಹನಿ ಅಲ್ಲಿ ಬಿದ್ದರೆ ಹುಣ್ಣಾಗಬಹುದು. 'ನಂದಿಬಟ್ಟಲು ಹೂವನ್ನು ದೇವರಿಗೆ ಇಡೋಣ ಅಜ್ಜಿ, ಕಣ್ಣಿಗೆ ತಣ್ಣೀರು ಬಟ್ಟೆ ಸಾಕು' ಎಂದು ಮೆಲ್ಲಗೆ ಹೇಳಿ.

ಡ್ರಾಪ್ಸ್ ವಿಷಯದಲ್ಲಿ ಹುಷಾರು

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಬೇನೆ ಹಬ್ಬಿದಾಗ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿ ಇಲ್ಲದೆಯೇ ಡ್ರಾಪ್ಸ್ ಮಾರಾಟವಾಗುತ್ತದೆ. ಅವುಗಳಲ್ಲಿ ಕೆಲವು ಬರೀ ಆ್ಯಂಟಿಬಯೊಟಿಕ್. ವೈರಸ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಕೀವಿನ ಸೋಂಕೂ ಸೇರಿಕೊಂಡಿದೆ ಎಂದು ಡಾಕ್ಟರಿಗೆ ಕಂಡರೆ ಅವರೇ ಬರೆಯುತ್ತಾರೆ. ಇನ್ನು ಕೆಲವು ಡ್ರಾಪ್ಸ್‌ಗಳಲ್ಲಿ ಸ್ಟೆರಾಯ್ಡ್ ಸೇರಿರುತ್ತದೆ. ನನಗೆ ಹೆದರಿಕೆ ಇರುವುದು ಇದರ ಬಗ್ಗೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಎಂಬ ಹೆಸರು ಲೇಬಲ್ ಮೇಲಿದ್ದರೆ ಅದು ಸ್ಟೆರಾಯ್ಡ್. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ಒಳ್ಳೆ ಔಷಧಿ ಅನಿಸುತ್ತದೆ. ಒಳಗೆ ವೈರಸ್ ಇನ್ನೂ ಹೆಚ್ಚು ದಿನ ಉಳಿದುಕೊಳ್ಳಬಹುದು. ಸರ್ಪಸುತ್ತಿನ ಜಾತಿಗೆ ಸೇರಿದ ಹರ್ಪಿಸ್ ವೈರಸ್ ಕಣ್ಣಲ್ಲಿದ್ದರೆ ಸ್ಟೆರಾಯ್ಡ್‌ನಿಂದ ಗುಡ್ಡೆಯ ಹುಣ್ಣು ಹರಡಿ ದೃಷ್ಟಿ ಹೋಗಬಹುದು. ತುಂಬಾ ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ.

ಮನೆಯ ಕಪಾಟಿನಲ್ಲೂ ಇದು ಅಡಗಿರುತ್ತದೆ. ಅಜ್ಜನಿಗೆ ಪೊರೆ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್ ಅರ್ಧ ಉಳಿದಿರುತ್ತದೆ. 'ಕಣ್ಣಿಂದೇ ತಾನೇ' ಎಂದು ಮೊಮ್ಮಗನಿಗೆ ಹಾಕುತ್ತಾರೆ. ಆ ಬಾಟಲಿಯಲ್ಲಿ ಬಹುಪಾಲು ಸ್ಟೆರಾಯ್ಡೇ ಇರುತ್ತದೆ. ಅದೂ ಅಲ್ಲದೆ, ಮುಚ್ಚಳ ತೆಗೆದ ಒಂದು ತಿಂಗಳ ಮೇಲೆ ಯಾವ ಕಣ್ಣಿನ ಡ್ರಾಪ್ಸನ್ನೂ ಬಳಸಬಾರದು. ಇವತ್ತೇ ಕಪಾಟು ತೆಗೆದು ನೋಡಿ, ಹಳೆಯ ಬಾಟಲಿಗಳನ್ನು ಎಸೆಯಿರಿ.

ಹಾಗಾದರೆ ಏನು ಹಾಕಬಹುದು? ಕಣ್ಣೀರಿನಂತೆ ತೇವ ಕೊಡುವ ಲೂಬ್ರಿಕೆಂಟ್ ಡ್ರಾಪ್ಸ್ ಹೆಚ್ಚಿನವರಿಗೆ ಸಾಕು. ಚುಚ್ಚುವುದು ಕಡಿಮೆಯಾಗುತ್ತದೆ. ಹಾಕುವಾಗ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಆ ಸಂದಿನಲ್ಲಿ ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗಾಗಲಿ, ಬೆರಳಿಗಾಗಲಿ ತಾಗಬಾರದು. ಒಂದು ನಿಮಿಷ ಕಣ್ಣು ಮುಚ್ಚಿರಲಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ, ಗಂಡ ಹೆಂಡತಿ ಇಬ್ಬರಿಗೂ ಬೇನೆ ಬಂದಿದ್ದರೂ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದವರು ನಿಲ್ಲಿಸಿ, ಆ ಲೆನ್ಸನ್ನೂ ಡಬ್ಬಿಯನ್ನೂ ಎಸೆಯಿರಿ.

ಬಟ್ಟೆ, ಚಿಲಕ, ರಿಮೋಟು

ಬೇನೆ ಬಂದವರ ಟವೆಲ್, ದಿಂಬಿನ ಕವರ್ ಬೇರೆಯಾಗಿ ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ ಒಗೆಯಿರಿ. ಬಿಸಿಲಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಬಿಸಿಲೆಲ್ಲಿ ಎನ್ನುತ್ತೀರಾದರೆ, ಒಣಗಿದ ಮೇಲೆ ಬಿಸಿ ಇಸ್ತ್ರಿ ಹಾಕಿ.

ಎಲ್ಲರೂ ಮುಟ್ಟುವ ಚಿಲಕ, ನಲ್ಲಿ, ಸ್ವಿಚ್ಚುಗಳನ್ನು ದಿನಕ್ಕೊಮ್ಮೆ ಬ್ಲೀಚ್ ನೀರಿನಿಂದ ಒರೆಸಿ. ಹೊಸ ಬ್ಲೀಚಿಂಗ್ ಪೌಡರ್ ಆದರೆ ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ಕಲಕಿ, ತಿಳಿನೀರು ಬಳಸಿ. ಬಾಟಲಿಯಲ್ಲಿ ಸಿಗುವ ಬ್ಲೀಚ್ ದ್ರವವಾದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಹತ್ತು ನಿಮಿಷ ಬಿಟ್ಟು ಬರೀ ನೀರಿನ ಬಟ್ಟೆಯಿಂದ ಒರೆಸಿ. ಸ್ವಿಚ್ಚಿಗೆ ಹಿಂಡಿದ ಬಟ್ಟೆಯೇ ಇರಲಿ, ನೀರು ಒಳಗೆ ಇಳಿಯಬಾರದು. ಕಿಟಕಿ ತೆಗೆದಿಡಿ, ಕೈಗೆ ಗ್ಲೌಸ್ ಇರಲಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಸೇರಿಸಿದರೆ ವಿಷದ ಗಾಳಿ ಬರುತ್ತದೆ, ಯಾವ ಕಾರಣಕ್ಕೂ ಸೇರಿಸಬೇಡಿ. ದಿನಾ ಹೊಸದಾಗಿ ಕಲಸಿಕೊಳ್ಳಿ.

ಶಾಲೆ, ಹಾಸ್ಟೆಲ್, ಅಂಗನವಾಡಿ

ಬೇನೆ ನಿಜವಾಗಿ ದೊಡ್ಡದಾಗುವುದು ಇಲ್ಲಿ. ವಸತಿ ಶಾಲೆಯ ಹುಡುಗರ ಕೋಣೆ ಯೋಚಿಸಿ. ಒತ್ತೊತ್ತಾಗಿ ಮಂಚ, ಬೆಳಗ್ಗೆ ನಾಲ್ಕೇ ನಲ್ಲಿಗೆ ನೂರು ಮಕ್ಕಳ ಸಾಲು, ಒಂದೇ ತಂತಿಯ ಮೇಲೆ ಎಲ್ಲರ ಟವೆಲ್, ಅವಸರದಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಮುಖ ಒರೆಸಿಕೊಳ್ಳುವುದು. ಮಕ್ಕಳಿಗೆ ಬೈದರೆ ಪ್ರಯೋಜನವಿಲ್ಲ, ಏರ್ಪಾಡು ಬದಲಿಸಬೇಕು.

ವಾರ್ಡನ್‌ಗಳು ಬೆಳಗಿನ ಪ್ರಾರ್ಥನೆಗೆ ಮುಂಚೆ ಎಲ್ಲ ಮಕ್ಕಳ ಕಣ್ಣನ್ನು ಒಮ್ಮೆ ನೋಡಲಿ. ಮುಟ್ಟದೆ, ಸಾಲಾಗಿ ನಿಲ್ಲಿಸಿ ನೋಡಿದರೆ ಸಾಕು. ಕೆಂಪಾದವರಿಗೆ ಬೇರೆ ಕೋಣೆ ಕೊಡಿ, ಕೋಣೆ ಇಲ್ಲದಿದ್ದರೆ ಹಜಾರದ ಒಂದು ಮೂಲೆ. ಅವರಿಗೇ ಒಂದು ನಲ್ಲಿ ಗುರುತು ಮಾಡಿ. ಪ್ರತಿ ಮಗುವಿನ ಟವೆಲ್‌ಗೆ ಬಣ್ಣದ ದಾರದಲ್ಲಿ ಗುರುತು ಹೊಲಿಸಿ, ಅವರವರ ಮಂಚದ ತುದಿಗೇ ಹರವಿಸಿ. ಪ್ರತಿ ನಲ್ಲಿಯ ಹತ್ತಿರ ಸೋಪು ಕಟ್ಟಿಡಿ. ಸೋಪು ಖರ್ಚಾಗುತ್ತದೆ ಎಂದು ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಮನೆಗೆ ಕಳಿಸುವುದಾದರೆ ಪೋಷಕರಿಗೆ ಮೊದಲೇ ತಿಳಿಸಿ. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು ಹೋಗುವ ಮಗು ಬೇನೆಯನ್ನು ಊರಿಗೂ ಒಯ್ಯುತ್ತದೆ.

ಇಡೀ ತರಗತಿಗೆ ಮುಂಜಾಗ್ರತೆ ಎಂದು ಡ್ರಾಪ್ಸ್ ಹಾಕಿಸುವ ಯೋಚನೆ ಕೆಲವು ಕಡೆ ಬರುತ್ತದೆ. ಅದನ್ನು ಮಾಡಲೇಬೇಡಿ. ಬರದಂತೆ ತಡೆಯುವ ಡ್ರಾಪ್ಸ್ ಇಲ್ಲ. ಒಂದೇ ಬಾಟಲಿಯಿಂದ ಸಾಲಾಗಿ ಹಾಕಿದರೆ ಇಲ್ಲದವರಿಗೂ ಬೇನೆ ಕೊಟ್ಟಂತೆ.

ಶಾಲೆ ಮುಚ್ಚಬೇಕೇ? 2023ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಸೋಂಕು ಕೈಮೀರಿ 56 ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಕೆಲವು ದಿನ ಮುಚ್ಚಬೇಕಾಯಿತು. ಮೊದಲ ನಾಲ್ಕೈದು ಮಕ್ಕಳನ್ನು ಸಮಯಕ್ಕೆ ಸರಿಯಾಗಿ ಮನೆಗೆ ಕಳಿಸಿದರೆ ಬಹುಪಾಲು ಶಾಲೆಗಳಿಗೆ ಆ ಸ್ಥಿತಿ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಹಾಜರಿಯ ಭಯ ಹೋಗಬೇಕು. ಬೇನೆಯಿಂದ ರಜೆ ಹಾಕಿದ ಮಗುವಿಗೆ ಹಾಜರಿ ಕಡಿತವಾಗುವುದಿಲ್ಲ ಎಂದು ಹೆಡ್‌ಮಾಸ್ಟರು ಬಾಯಿಬಿಟ್ಟು ಹೇಳಿದರೆ ಪೋಷಕರು ಮಗುವಿನ ಬೇನೆ ಮುಚ್ಚಿಡುವುದಿಲ್ಲ.

ಒಂದೇ ಕಡೆ ನಾಲ್ಕೈದು ಜನರಿಗೆ ಒಟ್ಟಿಗೆ ಕಂಡರೆ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರೋಗ ಹಬ್ಬುವುದನ್ನು ಸರ್ಕಾರ ಲೆಕ್ಕ ಇಡುವುದು ಅಲ್ಲಿಂದಲೇ ಶುರು. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಬಹುದು.

ಹಬ್ಬ, ಅಂಗಡಿ, ಆಸ್ಪತ್ರೆ

ಬೇನೆಯ ಕಾಲಕ್ಕೇ ಶ್ರಾವಣವೂ ಬರುತ್ತದೆ. ದೇವಸ್ಥಾನದ ಕಂಬಿ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುತ್ತೇವೆ, ಮಂಗಳಾರತಿ ಬಂದಾಗ ಅದೇ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಪ್ರಸಾದದ ಹೂವನ್ನೂ ಕಣ್ಣಿಗೊತ್ತಿಕೊಳ್ಳುತ್ತೇವೆ. ಊರಲ್ಲಿ ಬೇನೆ ಇರುವಷ್ಟು ದಿನ ಕೈ ಮುಗಿದು ನಮಸ್ಕಾರ ಮಾಡಿದರೆ ಸಾಲದೇ? ಭಕ್ತಿಗೆ ಅದರಿಂದ ಕೊರತೆಯಾಗುವುದಿಲ್ಲ. ಅರ್ಚಕರೇ ಈ ಮಾತು ಹೇಳಿದರೆ ಜನ ಕೇಳುತ್ತಾರೆ.

ಕ್ಷೌರದ ಅಂಗಡಿಗೆ ಹೋದರೆ ನಿಮ್ಮದೇ ಟವೆಲ್ ಒಯ್ಯಿರಿ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟ ಮೇಲೆ, ಆಫೀಸಿನಲ್ಲಿ ಬಯೋಮೆಟ್ರಿಕ್ ಒತ್ತಿದ ಮೇಲೆ ಕೈ ತೊಳೆಯುವ ತನಕ ಮುಖ ಮುಟ್ಟಬೇಡಿ. ಈಜುಕೊಳ ಬೇಡ. ಚಷ್ಮಾ ಅಂಗಡಿಯಲ್ಲಿ ಹತ್ತಾರು ಫ್ರೇಮ್ ಹಾಕಿ ನೋಡುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ.

ಆಸ್ಪತ್ರೆಯಲ್ಲೂ ಎಚ್ಚರ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಟ್ಟುವ ಅಂಗಳಗಳಲ್ಲಿ ಸಾವಿರಾರು ಕೆಲಸಗಾರರಿಗೆ ಕಣ್ಣು ಬೇನೆ ಬಂತು. ಕಣ್ಣಿಗೆ ಬಿದ್ದ ಲೋಹದ ಚೂರು ತೆಗೆಸಲು ಹೋದ ಚಿಕಿತ್ಸಾ ಕೋಣೆಗಳಲ್ಲೇ, ಸಿಬ್ಬಂದಿಯ ಕೈ ಮತ್ತು ಉಪಕರಣಗಳಿಂದ ಅದು ಒಬ್ಬರಿಂದೊಬ್ಬರಿಗೆ ದಾಟಿತ್ತು. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಸಿಸ್ಟರಿಗೆ 'ಮೇಡಂ, ನನಗೆ ಕಣ್ಣು ಬಂದಿದೆ' ಎಂದು ಹೇಳಿ, ಬೇರೆ ಕೂರಿಸಲು ಕೇಳಿ. ಪೊರೆ ಆಪರೇಷನ್‌ಗೆ ಬಂದ ಹಿರಿಯರ ಪಕ್ಕ ಕೂರಬೇಡಿ.

ಮತ್ತೆ ಕೆಲಸಕ್ಕೆ ಯಾವಾಗ?

ನೀರು, ಗೀಜು ಬರುವುದು ಪೂರ್ತಿ ನಿಲ್ಲುವ ತನಕ ಮನೆಯಲ್ಲಿರಬೇಕು. ಹೆಚ್ಚಿನವರಿಗೆ ಇದು ಒಂದು ವಾರ. ಅಡೆನೊವೈರಸ್‌ನ ಜೋರಾದ ಬೇನೆಯಾದರೆ ಎರಡು ವಾರದವರೆಗೂ ಬೇರೆಯವರಿಗೆ ಅಂಟಬಹುದು. ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು, ಆಸ್ಪತ್ರೆ ಸಿಬ್ಬಂದಿ ಡಾಕ್ಟರನ್ನು ಕೇಳಿಯೇ ಮರಳಬೇಕು.

ಸಂಬಳದ ನೌಕರಿ ಇರುವವರಿಗೆ ಇದು ಸುಲಭ. ದಿನಗೂಲಿಯವರಿಗೆ, ಮನೆಗೆಲಸಕ್ಕೆ ಬರುವವರಿಗೆ ಒಂದು ವಾರ ಕೂತರೆ ಒಲೆ ಉರಿಯುವುದಿಲ್ಲ. ನಿಮ್ಮ ಮನೆಗೆ ಬರುವ ಅಕ್ಕನ ಕಣ್ಣು ಕೆಂಪಾಗಿದ್ದರೆ ಸಂಬಳ ಹಿಡಿಯದೆ ರಜೆ ಕೊಡಿ. ರಜೆ ಸಿಗದಿದ್ದರೆ ಅವರು ಬೇನೆ ಮುಚ್ಚಿಟ್ಟುಕೊಂಡು ದಿನಕ್ಕೆ ನಾಲ್ಕು ಮನೆಯ ಚಿಲಕ ಮುಟ್ಟಲೇಬೇಕಾಗುತ್ತದೆ.

ಕೆಂಪು ಹೋದ ಮೇಲೂ ಕೆಲವರಿಗೆ ನೋಟ ಮಸುಕಾಗಿರುತ್ತದೆ, ರಾತ್ರಿ ಗಾಡಿಗಳ ಬೆಳಕು ಚದುರಿದಂತೆ ಕಾಣುತ್ತದೆ. ಅಡೆನೊವೈರಸ್ ಗುಡ್ಡೆಯ ಮೇಲೆ ಸಣ್ಣ ಕಲೆಗಳನ್ನು ಬಿಟ್ಟು ಹೋಗುವುದರಿಂದ ಹೀಗಾಗುತ್ತದೆ. ಅವು ಮಾಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಇದಕ್ಕೆ ಚಷ್ಮಾ ಅಂಗಡಿಯಲ್ಲಿ ನಂಬರ್ ಬದಲಿಸಿಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ ಗುಡ್ಡೆಯನ್ನು ಪರೀಕ್ಷೆ ಮಾಡಿಸಿ, ಅಲ್ಲಿಯ ತನಕ ರಾತ್ರಿ ಬೈಕ್ ಓಡಿಸುವುದನ್ನು ನಿಲ್ಲಿಸಿ.